ಹಾವು ಸಾಕುವುದೆಂದರೆ ಏನು? ಕುತೂಹಲದ ಪ್ರಶ್ನೆಗಳಿಗೆ ಉತ್ತರಗಳು

ಕೊರಳಿಗೆ ಹೆಬ್ಬಾವು ಸುತ್ತಿಕೊಂಡು ಸೋಫಾ ಮೇಲೆ ಕುಳಿತು ಟಿವಿ ನೋಡುವವರ ವಿಡಿಯೊಗಳು ಈಗ ಎಲ್ಲರ ಮೊಬೈಲಿಗೂ ಬರುತ್ತವೆ. ಅಮೆರಿಕ, ಯುರೋಪಿನ ಹಲವು ದೇಶಗಳಲ್ಲಿ ಹಾವು ಸಾಕುವುದು ಒಂದು ಹವ್ಯಾಸ. ಅಲ್ಲಿ ಅದಕ್ಕೆಂದೇ ಅಂಗಡಿಗಳಿವೆ, ಮೇಳಗಳು ನಡೆಯುತ್ತವೆ. ನಮ್ಮಲ್ಲಿ ಹಾವು ಕಂಡರೆ ಒಂದೋ ಕೈಮುಗಿಯುತ್ತೇವೆ, ಇಲ್ಲವೇ ಕೋಲು ಹುಡುಕುತ್ತೇವೆ. ಹಾಗಾಗಿ ಆ ವಿಡಿಯೊ ನೋಡಿದವರಿಗೆ ಪ್ರಶ್ನೆಗಳೂ ಹೆಚ್ಚು: ಅದು ಕಚ್ಚುವುದಿಲ್ಲವೇ? ಏನು ತಿನ್ನುತ್ತದೆ? ಸಾಕಿದವರ ಗುರುತು ಹಿಡಿಯುತ್ತದೆಯೇ? ನಾವೂ ಸಾಕಬಹುದೇ? ಜನ ಮತ್ತೆ ಮತ್ತೆ ಕೇಳುವ ಇಂಥ ಪ್ರಶ್ನೆಗಳನ್ನು ಒಂದೊಂದಾಗಿ ನೋಡೋಣ.

ಜನ ಸಾಕುವುದು ಯಾವ ಹಾವುಗಳನ್ನು?

ಹೆಚ್ಚಿನವರು ಸಾಕುವುದು ವಿಷವಿಲ್ಲದ, ತೀರಾ ದೊಡ್ಡದಾಗಿ ಬೆಳೆಯದ ಹಾವುಗಳನ್ನು. ಎಲ್ಲಕ್ಕಿಂತ ಜನಪ್ರಿಯವಾದವು ಎರಡು. ಮೊದಲನೆಯದು ಬಾಲ್ ಪೈಥಾನ್. ಇದು ಪಶ್ಚಿಮ ಮತ್ತು ಮಧ್ಯ ಆಫ್ರಿಕಾದ ಪುಟ್ಟ ಹೆಬ್ಬಾವು. ಸಾಮಾನ್ಯವಾಗಿ ನಾಲ್ಕೈದು ಅಡಿ ಬೆಳೆಯುತ್ತದೆ. ಹೆದರಿದಾಗ ತಲೆಯನ್ನು ಒಳಗಿಟ್ಟು ಚೆಂಡಿನಂತೆ ಸುತ್ತಿಕೊಳ್ಳುತ್ತದೆ, ಅದರಿಂದಲೇ ಈ ಹೆಸರು. ಎರಡನೆಯದು ಅಮೆರಿಕದ ಆಗ್ನೇಯ ಭಾಗದ ಕಾರ್ನ್ ಸ್ನೇಕ್. ನಮ್ಮ ಕೆರೆಹಾವಿನಂತೆ ಇದೂ ಇಲಿಗಳನ್ನು ಹುಡುಕಿಕೊಂಡು ಹೊಲಮನೆಗಳ ಸುತ್ತ ಓಡಾಡುವ ಹಾವು.

ಇವು ಎಷ್ಟು ವರ್ಷ ಬದುಕುತ್ತವೆ ಎಂಬುದನ್ನು ಬಹಳ ಜನ ಯೋಚಿಸಿರುವುದಿಲ್ಲ. ಚೆನ್ನಾಗಿ ನೋಡಿಕೊಂಡರೆ ಕಾರ್ನ್ ಸ್ನೇಕ್ 15ರಿಂದ 20 ವರ್ಷ, ಬಾಲ್ ಪೈಥಾನ್ 20ರಿಂದ 30 ವರ್ಷ ಬದುಕುತ್ತದೆ. ಅಮೆರಿಕದ ಸೇಂಟ್ ಲೂಯಿಸ್ ಮೃಗಾಲಯಕ್ಕೆ 1961ರಲ್ಲಿ ಬಂದ ಒಂದು ಬಾಲ್ ಪೈಥಾನ್ 2020ರಲ್ಲಿ, 60 ವರ್ಷ ದಾಟಿದ ಮೇಲೆ, ಮೊಟ್ಟೆ ಇಟ್ಟಿತು. ಅದೂ ಹಲವು ವರ್ಷಗಳಿಂದ ಗಂಡುಹಾವಿನ ಸಂಪರ್ಕವೇ ಇಲ್ಲದೆ! ಹತ್ತನೇ ತರಗತಿಯ ಹುಡುಗನೊಬ್ಬ ಆಸೆಪಟ್ಟು ತಂದ ಮರಿ, ಅವನ ಮಕ್ಕಳು ಹತ್ತನೇ ತರಗತಿಗೆ ಬರುವಾಗಲೂ ಮನೆಯಲ್ಲೇ ಇರಬಹುದು.

ಹಾವಿಗೆ ಸಾಕಿದವರ ಗುರುತು ಸಿಗುತ್ತದೆಯೇ? ಪ್ರೀತಿ ಇರುತ್ತದೆಯೇ?

ಹಾವು ಲೋಕವನ್ನು ಅರಿಯುವುದು ಮುಖ್ಯವಾಗಿ ವಾಸನೆಯಿಂದ. ಸೀಳುನಾಲಿಗೆಯನ್ನು ಹೊರಚಾಚಿ ಗಾಳಿಯಲ್ಲಿನ ವಾಸನೆಯ ಕಣಗಳನ್ನು ಹಿಡಿದು, ಬಾಯಿಯ ಮೇಲ್ಭಾಗದಲ್ಲಿರುವ ಜೇಕಬ್‌ಸನ್ ಅಂಗಕ್ಕೆ ತಲುಪಿಸುತ್ತದೆ. ನಾಲಿಗೆಯ ಎರಡು ತುದಿಗಳು ಎರಡು ಕಡೆಯ ವಾಸನೆಯನ್ನು ತರುವುದರಿಂದ ಅದು ಯಾವ ದಿಕ್ಕಿನಿಂದ ಬರುತ್ತಿದೆ ಎಂಬುದೂ ತಿಳಿಯುತ್ತದೆ. ಹೀಗಾಗಿ ದಿನವೂ ಮುಟ್ಟುವವರ ವಾಸನೆ ಹಾವಿಗೆ ಪರಿಚಿತವಾಗಬಹುದು. ಈ ವಾಸನೆಯಿಂದ ಅಪಾಯವಿಲ್ಲ ಎಂದು ಅದಕ್ಕೆ ಅಭ್ಯಾಸವಾಗುತ್ತದೆ, ಬುಸುಗುಟ್ಟುವುದು, ಅಡಗುವುದು ಕಡಿಮೆಯಾಗುತ್ತದೆ.

ಆದರೆ ಅಭ್ಯಾಸ ಬೇರೆ, ಪ್ರೀತಿ ಬೇರೆ. ನಾಯಿ ಬಾಗಿಲ ಬಳಿ ಕಾಯುವಂತೆ ಹಾವು ಕಾಯುವುದಿಲ್ಲ. ತೋಳಿಗೆ ಸುತ್ತಿಕೊಳ್ಳುವುದು ಅಪ್ಪುಗೆಯಲ್ಲ. ಬೀಳದಂತೆ ಹಿಡಿದುಕೊಳ್ಳಲು ಮತ್ತು ನಮ್ಮ ಮೈಯ ಬಿಸಿಗಾಗಿ ಅದು ಹಾಗೆ ಮಾಡುತ್ತದೆ. ಹಾಗೆಂದು ಹಾವುಗಳು ಬರೀ ಯಂತ್ರಗಳೂ ಅಲ್ಲ. ಕೆನಡಾದ ಸಂಶೋಧಕರು 2020ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಗಾರ್ಟರ್ ಹಾವಿನ ಮರಿಗಳು ಸಿಕ್ಕಸಿಕ್ಕವರ ಜೊತೆ ಸೇರದೆ ತಮಗೆ ಬೇಕಾದ ಜೊತೆಗಾರರನ್ನು ಆರಿಸಿಕೊಳ್ಳುವುದು ಕಂಡುಬಂತು. ಒಂದು ಹಾವಿಗೆ ಇನ್ನೊಂದು ಹಾವಿನ ಒಡನಾಟ ಬೇಕಾಗಬಹುದು. ಅದು ಮನುಷ್ಯರ ಒಡನಾಟವನ್ನು ಬಯಸುತ್ತದೆ ಎನ್ನಲು ಮಾತ್ರ ಆಧಾರವಿಲ್ಲ.

ಹಾವು ಹನ್ನೆರಡು ವರ್ಷ ಹಗೆ ಇಟ್ಟುಕೊಂಡು ಹುಡುಕಿಕೊಂಡು ಬರುತ್ತದೆ ಎಂಬ ನಂಬಿಕೆಗೂ ಇದೇ ಉತ್ತರ. ಹೊಡೆದವರ ಮುಖವನ್ನು ನೆನಪಿಟ್ಟು, ಊರು ಕೇರಿ ದಾಟಿ, ಕಾದು ಕಚ್ಚುವ ಹಾವನ್ನು ಯಾರೂ ಕಂಡಿಲ್ಲ. ಪ್ರೀತಿಯೂ ಸೇಡೂ ನಾವು ಅದರ ತಲೆಯೊಳಗೆ ತುಂಬಿದ ಭಾವನೆಗಳು.

ಹೆಬ್ಬಾವು ನುಂಗುವ ಮೊದಲು ಯಜಮಾನರ ಅಳತೆ ತೆಗೆದುಕೊಳ್ಳುತ್ತದೆಯಂತೆ, ನಿಜವೇ?

ಈ ಕಥೆ ನಿಮಗೂ ವಾಟ್ಸ್ಆ್ಯಪ್‌ನಲ್ಲಿ ಬಂದಿರಬಹುದು. ಒಬ್ಬಾಕೆ ಸಾಕಿದ ಹೆಬ್ಬಾವು ವಾರಗಟ್ಟಲೆ ಊಟ ಬಿಡುತ್ತದೆ, ರಾತ್ರಿ ಆಕೆಯ ಪಕ್ಕದಲ್ಲಿ ಉದ್ದಕ್ಕೆ ಚಾಚಿ ಮಲಗುತ್ತದೆ. ವೈದ್ಯರ ಬಳಿ ಹೋದರೆ, "ಅದು ನಿಮ್ಮನ್ನು ನುಂಗಲು ಅಳತೆ ನೋಡುತ್ತಿದೆ, ಹೊಟ್ಟೆ ಖಾಲಿ ಮಾಡಿಕೊಳ್ಳುತ್ತಿದೆ" ಎನ್ನುತ್ತಾರೆ. ಕೇಳಲು ಮೈ ಜುಮ್ಮೆನ್ನುತ್ತದೆ, ಆದರೆ ಇದು ಕಟ್ಟುಕಥೆ.

ಹೆಬ್ಬಾವು ಹೊಂಚು ಹಾಕಿ ಬೇಟೆಯಾಡುವ ಪ್ರಾಣಿ. ಬೇಟೆ ಹತ್ತಿರ ಬಂದ ಕ್ಷಣದಲ್ಲೇ ಎರಗುತ್ತದೆ. ಕಾಡಿನಲ್ಲಿ ಅಳತೆ ಮುಗಿಯುವವರೆಗೆ ಪಕ್ಕದಲ್ಲಿ ಮಲಗಿರಲು ಯಾವ ಜಿಂಕೆಯೂ ಒಪ್ಪುವುದಿಲ್ಲ! ಊಟ ಬಿಡುವುದಕ್ಕೆ ಬೇರೆಯೇ ಕಾರಣಗಳಿವೆ. ಚಳಿಗಾಲ, ಕೂಡುವ ಕಾಲ, ಪೊರೆ ಬಿಡುವ ಮುಂಚಿನ ದಿನಗಳು, ಜಾಗ ಬದಲಾದದ್ದು, ಕಾಯಿಲೆ. ಬಾಲ್ ಪೈಥಾನ್‌ಗಳಂತೂ ತಿಂಗಳುಗಟ್ಟಲೆ ಉಪವಾಸ ಮಾಡುವುದರಲ್ಲಿ ಹೆಸರುವಾಸಿ. ಪಕ್ಕದಲ್ಲಿ ಮಲಗುವುದು ಹಾಸಿಗೆಯ ಬಿಸಿಗಾಗಿ.

ಇನ್ನೊಂದು ತಪ್ಪು ತಿಳಿವಳಿಕೆಯನ್ನೂ ಇಲ್ಲೇ ಹೇಳಬೇಕು. ಹೆಬ್ಬಾವಿನ ಜಾತಿಯವು ಬೇಟೆಯ ಉಸಿರುಗಟ್ಟಿಸಿ ಕೊಲ್ಲುತ್ತವೆ ಎಂದು ಬಹುಕಾಲ ನಂಬಲಾಗಿತ್ತು. ಅಮೆರಿಕದ ಸಂಶೋಧಕರು 2015ರಲ್ಲಿ ಬೋವಾ ಹಾವು ಇಲಿಯನ್ನು ಬಿಗಿಯುವಾಗ ಆಗುವುದನ್ನು ಅಳೆದು ನೋಡಿದರು. ಸೆಕೆಂಡುಗಳಲ್ಲೇ ಇಲಿಯ ರಕ್ತಸಂಚಾರ ಕುಸಿಯಿತು. ಉಸಿರುಗಟ್ಟುವ ಮೊದಲೇ ಮೆದುಳಿಗೆ, ಹೃದಯಕ್ಕೆ ರಕ್ತ ನಿಲ್ಲುತ್ತದೆ.

ಸಾಕಿದ ಹಾವು ಏನು ತಿನ್ನುತ್ತದೆ? ಹಾಲು ಕುಡಿಯುತ್ತದೆಯೇ?

ಸಸ್ಯಾಹಾರಿ ಹಾವು ಎಂಬುದೇ ಲೋಕದಲ್ಲಿಲ್ಲ. ಸಾಕಿದ ಹಾವುಗಳಿಗೆ ಸಾಮಾನ್ಯವಾಗಿ ಕೊಡುವುದು ಇಲಿಗಳನ್ನು, ಅದೂ ಫ್ರೀಜರಿನಲ್ಲಿಟ್ಟು ಆಮೇಲೆ ಬೆಚ್ಚಗೆ ಮಾಡಿದ ಸತ್ತ ಇಲಿಗಳನ್ನು. ಜೀವಂತ ಇಲಿಯನ್ನು ಗಾಜಿನ ಪೆಟ್ಟಿಗೆಗೆ ಬಿಟ್ಟರೆ ಅದು ಪ್ರಾಣಭಯದಿಂದ ಹಾವನ್ನೇ ಕಚ್ಚಿ ಗಾಯ ಮಾಡಬಹುದು. ಮರಿಗಳಿಗೆ ವಾರಕ್ಕೊಮ್ಮೆ, ಬೆಳೆದವಕ್ಕೆ ಎರಡು ವಾರಕ್ಕೊಮ್ಮೆ ಆಹಾರ ಸಾಕು. ಅಂದರೆ ಮನೆಯ ಫ್ರೀಜರಿನಲ್ಲಿ ಬಟಾಣಿ ಪೊಟ್ಟಣದ ಪಕ್ಕ ಇಲಿಗಳಿಗೂ ಒಂದು ಜಾಗ ಬೇಕು. ಮನೆಮಂದಿಯೆಲ್ಲ ಇದಕ್ಕೆ ಒಪ್ಪುತ್ತಾರೆಯೇ ಎಂದು ಕೇಳಿಕೊಳ್ಳಬೇಕು.

ಹಾಲು ಹಾವಿನ ಆಹಾರವಲ್ಲ. ಹಾಲು ಸಸ್ತನಿಗಳು ತಮ್ಮ ಮರಿಗಳಿಗೆ ಕೊಡುವಂಥದ್ದು. ಬೇಟೆಯಾಡಿ ಬದುಕುವ ಹಾವಿನ ಹೊಟ್ಟೆ ಅದನ್ನು ಅರಗಿಸಿಕೊಳ್ಳಲು ಸಿದ್ಧವಾಗಿಲ್ಲ. ಹಾಗಾದರೆ ನಾಗರ ಪಂಚಮಿಯ ಹೊತ್ತಿಗೆ ಹಾವಾಡಿಗರ ಬುಟ್ಟಿಯ ಹಾವು ಹಾಲು ಕುಡಿಯುವುದು ಹೇಗೆ? ದಿನಗಟ್ಟಲೆ ನೀರು ಕೊಡದೆ ಇಟ್ಟ ಹಾವು ಎದುರಿಗೆ ಬಂದ ಯಾವ ದ್ರವವನ್ನಾದರೂ ಕುಡಿಯುತ್ತದೆ. ಅದು ಕುಡಿಯುವುದು ಬಾಯಾರಿಕೆಯಿಂದ, ಮತ್ತು ಆ ಹಾಲೇ ಮುಂದೆ ಅದರ ಆರೋಗ್ಯ ಕೆಡಿಸಬಹುದು.

ಹಲ್ಲು ಕಿತ್ತ ನಾಗರಹಾವು ಅಪಾಯವಿಲ್ಲವೇ? ಪುಂಗಿಗೆ ಅದು ಆಡುತ್ತದೆಯಲ್ಲ?

ವಿಷದ ಹಲ್ಲು ಒಮ್ಮೆ ಕಿತ್ತರೆ ಮುಗಿಯಿತು ಎಂಬುದು ತಪ್ಪು. ಹಾವಿನ ಹಲ್ಲುಗಳು ಜೀವನವಿಡೀ ಉದುರಿ ಹೊಸದಾಗಿ ಬರುತ್ತಿರುತ್ತವೆ. ವಿಷದ ಹಲ್ಲಿನ ಹಿಂದೆಯೇ ಬದಲಿ ಹಲ್ಲುಗಳು ಸಿದ್ಧವಿರುತ್ತವೆ. ಹಲ್ಲು ಮುರಿದರೂ ವಿಷದ ಗ್ರಂಥಿ ಹಾಗೇ ಇರುತ್ತದೆ. ಆದ್ದರಿಂದ "ಹಲ್ಲು ಕಿತ್ತ ಹಾವು" ಕೆಲವು ವಾರಗಳಲ್ಲಿ ಮತ್ತೆ ಕಚ್ಚಬಲ್ಲ ಹಾವು. ಅಷ್ಟರೊಳಗೆ ಬಾಯಿ ಹುಣ್ಣಾಗಿ, ತಿನ್ನಲಾಗದೆ ಸಾಯುವ ಹಾವುಗಳೇ ಹೆಚ್ಚು.

ಪುಂಗಿಯ ವಿಷಯಕ್ಕೆ ಬಂದರೆ, ಹಾವಿಗೆ ಹೊರಗಿವಿ ಇಲ್ಲ, ಒಳಗಿವಿ ಇದೆ. ನೆಲದ ಕಂಪನಗಳನ್ನು ದವಡೆಯ ಮೂಳೆಗಳ ಮೂಲಕ ಗ್ರಹಿಸುತ್ತದೆ. ಗಾಳಿಯಲ್ಲಿ ಬರುವ ಶಬ್ದ ಅದಕ್ಕೆ ಕೇಳುವುದೇ ಇಲ್ಲ ಎಂದು ಹಿಂದೆ ಹೇಳುತ್ತಿದ್ದರು. 2023ರಲ್ಲಿ ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದ ಸಂಶೋಧಕರು 19 ಹಾವುಗಳಿಗೆ ಕೆಳಸ್ತರದ ಶಬ್ದಗಳನ್ನು ಕೇಳಿಸಿ ನೋಡಿದಾಗ, ಅವು ಗಾಳಿಯಲ್ಲಿ ಬಂದ ಶಬ್ದಕ್ಕೂ ಪ್ರತಿಕ್ರಿಯಿಸಿದವು. ಅಂದರೆ ಹಾವು ಪೂರ್ತಿ ಕಿವುಡಲ್ಲ. ಆದರೆ ಹಾಡಿನ ರಾಗಕ್ಕೆ ಅದು ತಲೆದೂಗುವುದೂ ಇಲ್ಲ. ಕಣ್ಣೆದುರು ಅತ್ತಿತ್ತ ಆಡುವ ಪುಂಗಿಯನ್ನು ಅಪಾಯವೆಂದು ಬಗೆದು ಹೆಡೆಯೆತ್ತಿ ಅದನ್ನೇ ಹಿಂಬಾಲಿಸುತ್ತದೆ.

ಹಾವು ಸಾಕುವುದು ಸುಲಭವೇ?

ಊಟ ಕಡಿಮೆ, ಸದ್ದಿಲ್ಲ, ವಾಕಿಂಗ್ ಕರೆದೊಯ್ಯಬೇಕಿಲ್ಲ. ಹಾಗಾಗಿ ಸುಲಭ ಎಂದು ತೋರುತ್ತದೆ. ಕಷ್ಟ ಇರುವುದು ಬೇರೆ ಕಡೆ. ಹಾವು ನಮ್ಮಂತೆ ಮೈಯೊಳಗೇ ಬಿಸಿ ಹುಟ್ಟಿಸಿಕೊಳ್ಳುವುದಿಲ್ಲ. ಬೇಕಾದಾಗ ಬಿಸಿಲಿಗೆ, ಬೇಡವಾದಾಗ ನೆರಳಿಗೆ ಹೋಗಿ ಮೈಯನ್ನು ಹದಕ್ಕೆ ತಂದುಕೊಳ್ಳುತ್ತದೆ. ಪೆಟ್ಟಿಗೆಯೊಳಗಿನ ಹಾವಿಗೆ ಈ ಆಯ್ಕೆಯನ್ನು ನಾವೇ ಕಟ್ಟಿಕೊಡಬೇಕು. ಬಾಲ್ ಪೈಥಾನ್‌ಗೆ ಪೆಟ್ಟಿಗೆಯ ಒಂದು ತುದಿ ಸುಮಾರು 31 ಡಿಗ್ರಿ ಸೆಲ್ಸಿಯಸ್, ಇನ್ನೊಂದು ತುದಿ ಸುಮಾರು 25 ಡಿಗ್ರಿ ಇರಬೇಕು. ಗಾಳಿಯಲ್ಲಿ ತೇವ ಬೇಕು. ಎರಡೂ ಕಡೆ ಅಡಗಲು ಜಾಗ ಬೇಕು. ಬಿಸಿ ಸಾಲದಿದ್ದರೆ ತಿಂದದ್ದು ಅರಗದೆ ವಾಂತಿಯಾಗುತ್ತದೆ, ಉಸಿರಾಟದ ಸೋಂಕು ತಗಲುತ್ತದೆ. ತೇವ ಸಾಲದಿದ್ದರೆ ಪೊರೆ ತುಂಡುತುಂಡಾಗಿ ಮೈಗೆ ಅಂಟಿಕೊಳ್ಳುತ್ತದೆ. ಬಿಸಿ ಮಾಡುವ ಸಾಧನದ ನಿಯಂತ್ರಕ ಕೆಟ್ಟರೆ ಹಾವಿನ ಹೊಟ್ಟೆಯೇ ಸುಟ್ಟುಹೋಗಬಹುದು. ಕರೆಂಟು ಕೈಕೊಟ್ಟ ರಾತ್ರಿಗೂ ಒಂದು ದಾರಿ ಯೋಚಿಸಿರಬೇಕು.

ಇನ್ನು ಕಾಯಿಲೆ. ನಾಯಿಗೆ ಜ್ವರ ಬಂದರೆ ನಮಗೆ ತಿಳಿಯುತ್ತದೆ. ಹಾವು ನರಳುವುದಿಲ್ಲ, ಕುಂಟುವುದಿಲ್ಲ. ನಮಗೆ ಗೊತ್ತಾಗುವ ಹೊತ್ತಿಗೆ ಕಾಯಿಲೆ ಬಲಿತಿರುತ್ತದೆ. ಹಾವಿಗೆ ಚಿಕಿತ್ಸೆ ಕೊಡಬಲ್ಲ ಪಶುವೈದ್ಯರು ದೊಡ್ಡ ನಗರಗಳಲ್ಲೇ ವಿರಳ.

ಬಣ್ಣದ ಆಸೆಗೂ ಬೆಲೆ ಇದೆ. ಬಾಲ್ ಪೈಥಾನ್‌ಗಳನ್ನು ಆಯ್ದು ಕೂಡಿಸಿ ಬಗೆಬಗೆಯ ಬಣ್ಣ, ಚಿತ್ತಾರದ ತಳಿಗಳನ್ನು ಮಾಡಿದ್ದಾರೆ. ಅವುಗಳಲ್ಲಿ ಸ್ಪೈಡರ್ ಎಂಬ ತಳಿಯ ಹಾವುಗಳಿಗೆ ಹುಟ್ಟಿನಿಂದಲೇ ಸಮತೋಲನದ ತೊಂದರೆ ಇರುತ್ತದೆ. ತಲೆ ಓಲಾಡುತ್ತದೆ, ಕೆಲವಕ್ಕೆ ಆಹಾರವನ್ನು ಗುರಿಯಿಟ್ಟು ಹಿಡಿಯಲೂ ಆಗುವುದಿಲ್ಲ. ಚೆಂದದ ಚಿತ್ತಾರ ಕೊಡುವ ಜೀನ್‌ನ ಜೊತೆಗೇ ಈ ತೊಂದರೆಯೂ ಬರುತ್ತದೆ.

ವಿಷವಿಲ್ಲದ ಹಾವಿನಿಂದ ಮನೆಯವರಿಗೆ ಏನೂ ಅಪಾಯವಿಲ್ಲವೇ?

ಚಿಕ್ಕ ಹಾವು ಕಚ್ಚಿದರೆ ಗೀರು ಗಾಯವಾಗಬಹುದು, ಅಷ್ಟೆ. ಹೆಚ್ಚು ಗಮನ ಕೊಡಬೇಕಾದದ್ದು ಸಾಲ್ಮೊನೆಲ್ಲಾ ಎಂಬ ಬ್ಯಾಕ್ಟೀರಿಯಾಕ್ಕೆ. ಆರೋಗ್ಯವಾಗಿ ಕಾಣುವ ಹಾವು, ಆಮೆ, ಹಲ್ಲಿಗಳ ಕರುಳಿನಲ್ಲೂ ಇದು ಇರಬಹುದು. ಹಿಕ್ಕೆಯ ಮೂಲಕ ಮೈಗೆ, ಪೆಟ್ಟಿಗೆಗೆ, ನಮ್ಮ ಕೈಗೆ, ಅಲ್ಲಿಂದ ಬಾಯಿಗೆ ಬರುತ್ತದೆ. ಭೇದಿ, ಜ್ವರ, ಹೊಟ್ಟೆನೋವು ತರುತ್ತದೆ. ಎಳೆಯ ಮಕ್ಕಳಲ್ಲಿ ರಕ್ತಕ್ಕೆ ಹರಡಿ ಪ್ರಾಣಕ್ಕೂ ಎರವಾಗಬಹುದು. ಐದು ವರ್ಷದೊಳಗಿನ ಮಕ್ಕಳು, ವಯಸ್ಸಾದವರು, ರೋಗನಿರೋಧಕ ಶಕ್ತಿ ಕುಂದಿದವರು ಇರುವ ಮನೆಗೆ ಸರೀಸೃಪಗಳು ಬೇಡ ಎಂಬುದು ಅಮೆರಿಕದ ರೋಗ ನಿಯಂತ್ರಣ ಸಂಸ್ಥೆಯ ಸಲಹೆ. ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಯಬೇಕು, ಹಾವಿನ ಪಾತ್ರೆಗಳನ್ನು ಅಡುಗೆಮನೆಯ ಸಿಂಕಿನಲ್ಲಿ ತೊಳೆಯಬಾರದು.

ದೊಡ್ಡ ಹೆಬ್ಬಾವುಗಳ ಮಾತು ಬೇರೆ. ಹತ್ತು ಅಡಿ ಮೀರಿದ ಹಾವು ಬಿಗಿದರೆ ಒಬ್ಬರಿಂದ ಬಿಡಿಸಿಕೊಳ್ಳುವುದು ಕಷ್ಟ. ಅಂಥವನ್ನು ಒಬ್ಬರೇ ಇರುವಾಗ ಮುಟ್ಟಬಾರದು ಎಂದು ಅನುಭವಿಗಳೇ ಹೇಳುತ್ತಾರೆ.

ಭಾರತದಲ್ಲಿ ಹಾವು ಸಾಕಬಹುದೇ?

ನಮ್ಮ ನಾಡಿನ ಹಾವುಗಳನ್ನು ಸಾಕುವಂತಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ನಾಗರಹಾವು, ಹೆಬ್ಬಾವು, ಕೆರೆಹಾವುಗಳಿಗೆ ರಕ್ಷಣೆ ಕೊಟ್ಟಿದೆ. ಹಿಡಿಯುವುದು, ಇಟ್ಟುಕೊಳ್ಳುವುದು, ಮಾರುವುದು, ಕೊಲ್ಲುವುದು ಎಲ್ಲವೂ ಅಪರಾಧ. ಮೊದಲನೇ ಅನುಸೂಚಿಯ ಪ್ರಾಣಿಯಾದರೆ ಕನಿಷ್ಠ ಮೂರು ವರ್ಷದಿಂದ ಏಳು ವರ್ಷದವರೆಗೆ ಸೆರೆ, ಜೊತೆಗೆ ದಂಡ.

ಹೊರದೇಶದ ಹಾವುಗಳ ವಿಷಯದಲ್ಲಿ ಬಹುಕಾಲ ಸ್ಪಷ್ಟತೆ ಇರಲಿಲ್ಲ. ಈ ಕಾಯ್ದೆಗೆ 2022ರಲ್ಲಿ ಆದ ತಿದ್ದುಪಡಿ 2023ರ ಏಪ್ರಿಲ್ 1ರಂದು ಜಾರಿಗೆ ಬಂತು. ಅಳಿವಿನಂಚಿನ ಜೀವಿಗಳ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಎಂಬ ಅಂತರರಾಷ್ಟ್ರೀಯ ಒಪ್ಪಂದದ ಪಟ್ಟಿಯಲ್ಲಿರುವ ಪ್ರಾಣಿಗಳು ನಾಲ್ಕನೇ ಅನುಸೂಚಿಗೆ ಸೇರಿದವು. ಬಾಲ್ ಪೈಥಾನ್ ಈ ಒಪ್ಪಂದದ ಪಟ್ಟಿಯಲ್ಲಿದೆ. 2024ರ ಫೆಬ್ರವರಿಯಲ್ಲಿ ಬಂದ ನಿಯಮಗಳ ಪ್ರಕಾರ ಇಂಥ ಪ್ರಾಣಿ ಇಟ್ಟುಕೊಂಡವರು ಕೇಂದ್ರ ಸರ್ಕಾರದ ಪರಿವೇಶ್ ಜಾಲತಾಣದಲ್ಲಿ ನೋಂದಾಯಿಸಬೇಕು. ಕೈಬದಲಾದರೆ, ಮರಿಯಾದರೆ, ಸತ್ತರೆ ತಿಳಿಸಬೇಕು. ಕಾಗದಪತ್ರವಿಲ್ಲದ ಹಾವು ಅಂಗಡಿಯಲ್ಲಿ ಸಿಕ್ಕಿತೆಂದ ಮಾತ್ರಕ್ಕೆ ಅದು ಕಾನೂನುಬದ್ಧವಲ್ಲ.

ಈ ನಿಯಮಗಳು ಏಕೆ ಬೇಕು ಎಂಬುದಕ್ಕೆ ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣದ ಎರಡು ಪ್ರಕರಣಗಳನ್ನು ನೋಡಿದರೆ ಸಾಕು. 2023ರ ಆಗಸ್ಟ್‌ನಲ್ಲಿ ಬ್ಯಾಂಕಾಕ್‌ನಿಂದ ಬಂದ ಪ್ರಯಾಣಿಕನ ಸಾಮಾನಿನಲ್ಲಿ ಹೆಬ್ಬಾವುಗಳೂ ಸೇರಿ 234 ಪ್ರಾಣಿಗಳು ಸಿಕ್ಕವು. ಅದರಲ್ಲಿದ್ದ ಕಾಂಗರೂ ಮರಿ ಉಸಿರುಕಟ್ಟಿ ಸತ್ತಿತ್ತು. 2024ರ ಏಪ್ರಿಲ್‌ನಲ್ಲಿ ಮತ್ತೆ ಬ್ಯಾಂಕಾಕ್‌ನಿಂದ ಬಂದ ಪೆಟ್ಟಿಗೆಯಲ್ಲಿ 10 ಹಳದಿ ಅನಕೊಂಡಾಗಳಿದ್ದವು. ಕೊಳ್ಳುವವರು ಇರುವುದರಿಂದಲೇ ಇಂಥ ಪೆಟ್ಟಿಗೆಗಳು ಹೊರಡುತ್ತವೆ.

ಎರಡು ತಲೆ ಹಾವು ಮನೆಯಲ್ಲಿದ್ದರೆ ಅದೃಷ್ಟವೇ?

ಕರ್ನಾಟಕದಲ್ಲಿ ಗುಟ್ಟಾಗಿ ಇಟ್ಟುಕೊಳ್ಳುವ ಹಾವೆಂದರೆ ಇದೇ. ಮಣ್ಣುಮುಕ್ಕ, ಇರ್ತಲೆ ಹಾವು ಎಂದೂ ಕರೆಯುತ್ತಾರೆ. ಇದು ಸಡಿಲ ಮಣ್ಣಿನಲ್ಲಿ ಹುದುಗಿರುವ, ವಿಷವಿಲ್ಲದ ಸೌಮ್ಯ ಹಾವು. ಇದಕ್ಕೆ ಇರುವುದು ಒಂದೇ ತಲೆ. ಬಾಲದ ತುದಿ ಮೊಂಡಾಗಿ ತಲೆಯಂತೆಯೇ ಕಾಣುತ್ತದೆ. ಶತ್ರು ಎದುರಾದಾಗ ತಲೆಯನ್ನು ಮೈಸುರುಳಿಯಡಿ ಬಚ್ಚಿಟ್ಟು ಬಾಲವನ್ನು ತೋರಿಸುತ್ತದೆ. ಪೆಟ್ಟು ಬಿದ್ದರೂ ಬಾಲಕ್ಕೇ ಬೀಳಲಿ ಎಂಬ ಉಪಾಯವಿದು.

ಈ ಹಾವು ಮನೆಯಲ್ಲಿದ್ದರೆ ಹಣ ಬರುತ್ತದೆ, ಕಾಯಿಲೆ ಗುಣವಾಗುತ್ತದೆ, ತೂಕ ಹೆಚ್ಚಿದಷ್ಟೂ ಲಕ್ಷ ಲಕ್ಷ ಬೆಲೆ ಎಂದು ದಲ್ಲಾಳಿಗಳು ನಂಬಿಸುತ್ತಾರೆ. ಯಾವುದಕ್ಕೂ ಆಧಾರವಿಲ್ಲ. ಕೊನೆಗೆ ಕೊಂಡವರು ದುಡ್ಡು ಕಳೆದುಕೊಳ್ಳುತ್ತಾರೆ, ಹಿಡಿದುಕೊಟ್ಟ ಬಡವರು ಜೈಲಿಗೆ ಹೋಗುತ್ತಾರೆ, ಹೊಲದಲ್ಲಿ ಇಲಿ ಹಿಡಿಯಬೇಕಿದ್ದ ಹಾವು ಚೀಲದಲ್ಲಿ ಸಾಯುತ್ತದೆ.

ಸಾಕಿ ಬೇಸರವಾದರೆ ಕಾಡಿಗೆ ಬಿಡಬಹುದಲ್ಲ?

ಇದಕ್ಕೆ ಅಮೆರಿಕದ ಫ್ಲಾರಿಡಾ ದುಬಾರಿ ಪಾಠ ಕಲಿತಿದೆ. ಏಷ್ಯಾದಿಂದ ಸಾಕಲು ಒಯ್ದ ಬರ್ಮೀಸ್ ಹೆಬ್ಬಾವುಗಳು ತಪ್ಪಿಸಿಕೊಂಡೋ, ಬೇಸತ್ತವರು ಬಿಟ್ಟೋ ಅಲ್ಲಿನ ಎವರ್‌ಗ್ಲೇಡ್ಸ್ ಜೌಗು ಪ್ರದೇಶ ಸೇರಿದವು. ಅಲ್ಲಿನ ಪ್ರಾಣಿಗಳಿಗೆ ಇಂಥ ಬೇಟೆಗಾರನ ಪರಿಚಯವೇ ಇರಲಿಲ್ಲ. 2012ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಹೆಬ್ಬಾವುಗಳು ಹರಡಿದ ಮೇಲೆ ರಸ್ತೆಬದಿ ಗಣತಿಯಲ್ಲಿ ಕಾಣುವ ರಕೂನ್‌ಗಳು ಶೇ. 99ರಷ್ಟು, ಬಾಬ್‌ಕ್ಯಾಟ್ ಎಂಬ ಕಾಡುಬೆಕ್ಕುಗಳು ಶೇ. 87ರಷ್ಟು ಕಡಿಮೆಯಾಗಿದ್ದವು. ಅದೇ ವರ್ಷ ಅಮೆರಿಕ ಈ ಹಾವಿನ ಆಮದನ್ನು ನಿಷೇಧಿಸಿತು. ಹಿಡಿಯುವ ಕೆಲಸ ಇಂದಿಗೂ ನಡೆದೇ ಇದೆ.

ಕಣ್ಣಿಗೆ ಕಾಣದ ಅಪಾಯವೂ ಇದೆ. ಬೋವಾ, ಹೆಬ್ಬಾವುಗಳಲ್ಲಿ ವೈರಸ್‌ನಿಂದ ಬರುವ ಮಾರಕ ಕಾಯಿಲೆಗಳಿವೆ. ಹೊರಗಿನ ಹಾವನ್ನು ಇಲ್ಲಿನ ಕಾಡಿಗೆ ಬಿಟ್ಟರೆ ಅಂಥ ಕಾಯಿಲೆ ನಮ್ಮ ಹೆಬ್ಬಾವುಗಳಿಗೆ ದಾಟಬಹುದು. ಬಿಟ್ಟ ಹಾವಿಗೂ ಅದು ಬಿಡುಗಡೆಯಲ್ಲ. ಬೇಟೆಯಾಡಲು ಬಾರದೆ, ಹವೆ ಒಗ್ಗದೆ ಸಾಯುವುದೇ ಹೆಚ್ಚು.

ಹಾಗಾದರೆ ಹಾವಿನ ಬಗ್ಗೆ ಆಸಕ್ತಿ ಇರುವವರು ಏನು ಮಾಡಬೇಕು?

ನೋಡಿ ಕಲಿಯಲು ಜಾಗಗಳಿವೆ. ಚೆನ್ನೈನ ಗಿಂಡಿಯಲ್ಲಿ ಹಾವಿನ ಉದ್ಯಾನವಿದೆ. ಅದೇ ಊರಿನ ಬಳಿ ಇರುಳ ಸಮುದಾಯದ ಹಾವು ಹಿಡಿಯುವವರು 1978ರಲ್ಲಿ ಕಟ್ಟಿದ ಸಹಕಾರ ಸಂಘವಿದೆ. ಅವರು ಅನುಮತಿ ಪಡೆದು ಹಾವುಗಳನ್ನು ಹಿಡಿದು, ಕೆಲವು ಬಾರಿ ವಿಷ ತೆಗೆದು, ಮತ್ತೆ ಕಾಡಿಗೆ ಬಿಡುತ್ತಾರೆ. ಆ ವಿಷದಿಂದಲೇ ಹಾವು ಕಡಿತಕ್ಕೆ ಔಷಧ ತಯಾರಾಗುತ್ತದೆ. ಹಾವುಗಳನ್ನು ಕೆಲದಿನ ಇಟ್ಟುಕೊಳ್ಳುವುದು ಇಲ್ಲಿ ಜೀವ ಉಳಿಸುವ ಕೆಲಸ.

ಇದು ಚಿಕ್ಕ ಮಾತಲ್ಲ. 2000ದಿಂದ 2019ರವರೆಗಿನ 20 ವರ್ಷಗಳಲ್ಲಿ ಭಾರತದಲ್ಲಿ ಹಾವು ಕಡಿತದಿಂದ ಸುಮಾರು 12 ಲಕ್ಷ ಜನ ಸತ್ತಿದ್ದಾರೆ ಎಂದು ಅಧ್ಯಯನವೊಂದು ಅಂದಾಜಿಸಿದೆ. ಹೆಚ್ಚಿನವರು ಹಳ್ಳಿಯವರು, ಹೊಲದಲ್ಲಿ ದುಡಿಯುವವರು. ಕರ್ನಾಟಕ 2024ರಲ್ಲಿ ಹಾವು ಕಡಿತವನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕಾದ ಪಟ್ಟಿಗೆ ಸೇರಿಸಿತು. ನಮ್ಮಲ್ಲಿ ಸಿಗುವ ಔಷಧ ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕರ ವಿಷಕ್ಕೆ ತಯಾರಾದದ್ದು. ಹೊರದೇಶದ ವಿಷದ ಹಾವನ್ನು ಕದ್ದು ಸಾಕಿದವರಿಗೆ ಅದು ಕಚ್ಚಿದರೆ ಈ ಔಷಧವನ್ನು ನಂಬಿ ಕೂರುವಂತಿಲ್ಲ.

ಆದ್ದರಿಂದ ಹಾವಿನ ಬಗ್ಗೆ ಕಲಿಯಬೇಕೆಂದರೆ ಮನೆಯ ಸುತ್ತಲಿನ ಹಾವುಗಳಿಂದ ಆರಂಭಿಸುವುದು ಒಳ್ಳೆಯದು. ಯಾವುದಕ್ಕೆ ವಿಷವಿದೆ, ಯಾವುದಕ್ಕಿಲ್ಲ ಎಂದು ತಿಳಿದುಕೊಳ್ಳಿ. ಕತ್ತಲಲ್ಲಿ ಹೊರಗೆ ಹೋಗುವಾಗ ಟಾರ್ಚ್ ಹಿಡಿಯಿರಿ, ಮನೆಯ ಸುತ್ತ ಇಲಿ ಸೇರುವ ಕಸ, ಸೌದೆ ರಾಶಿ ಹಾಕಬೇಡಿ. ಹಾವು ಒಳಗೆ ಬಂದರೆ ದೂರ ನಿಂತು ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಕರೆ ಮಾಡಿ. ನೀವೇ ಹಿಡಿಯಲು ಹೋಗಬೇಡಿ. ಕಚ್ಚಿದರೆ ಗಾಯ ಕೊಯ್ಯಬೇಡಿ, ಬಿಗಿಯಾಗಿ ಕಟ್ಟಬೇಡಿ, ಮಂತ್ರ ಹಾಕುವವರಲ್ಲಿ ಹೊತ್ತು ಕಳೆಯಬೇಡಿ. ಕಚ್ಚಿದ ಕೈ ಕಾಲು ಅಲುಗಾಡಿಸದೆ 108 ಆಂಬುಲೆನ್ಸ್ ಕರೆಸಿ ಬೇಗ ಆಸ್ಪತ್ರೆ ಸೇರಿ.

ನಿಯಮ ಪಾಲಿಸಿ, ಖರ್ಚು ಭರಿಸಿ, ಮೂವತ್ತು ವರ್ಷದ ಹೊಣೆ ಹೊರುವೆ ಎನ್ನುವವರಿಗೆ ಕಾನೂನಿನ ದಾರಿ ಇದೆ. ಆದರೆ ಪೆಟ್ಟಿಗೆ ಕೊಳ್ಳುವ ಮೊದಲು ಅವರು ಒಂದು ಪ್ರಶ್ನೆಗೆ ಉತ್ತರ ಕಂಡುಕೊಳ್ಳಬೇಕು: ಈ ಹಾವು ತನಗೆ ಬೇಕು, ಸರಿ, ಹಾವಿಗೆ ಇದರಿಂದ ಏನು ಸಿಗುತ್ತದೆ?